ನನ್ನ ನಡತೆಯ ಕಡತ

ನಾನೂ ದೇವಿರಮ್ಮನವರೂ ಕೂರುವ ಕೋಣೆ ಮೊದಲು ಹಳೆಯ ಕಾಗದ ತುಂಬುವ ಕೋಣೆಯಾಗಿತ್ತು. ಕಚೇರಿಗೆ ಇಬ್ಬರು ಹೆಂಗಸರು ಬಂದಾಗ ಎಲ್ಲಿ ಕೂರಿಸಬೇಕೆಂದು ಯಾರಿಗೂ ತಿಳಿಯದೆ ಇಲ್ಲಿ ಕೂರಿಸಿದರು. ಕಾಗದಗಳನ್ನು ಮಾತ್ರ ಬೇರೆಡೆಗೆ ಸಾಗಿಸಲಿಲ್ಲ. ಎರಡು ಮೇಜು, ಒಂದು ಕಿಟಕಿ, ಕಿಟಕಿಯಾಚೆ ಒಂದು ಹೊಂಗೆ ಮರ. ಕಿಟಕಿಯ ಪಕ್ಕದ ಮೇಜು ಹಿರಿಯರಾದ ದೇವಿರಮ್ಮನವರಿಗೆ ಸಲ್ಲಬೇಕಿತ್ತು. ಅವರು ಅದನ್ನು ಮೊದಲ ದಿನವೇ ನನಗೆ ಬಿಟ್ಟುಕೊಟ್ಟರು.

"ನಂಗೆ ಮರ ನೋಡಿ ನೋಡಿ ಸಾಕಾಗೋಯ್ತು ಕಣವ್ವ. ನಮ್ಮೂರಲ್ಲಿ ಇರೋದೆಲ್ಲ ಅವೇ" ಎಂದರು.

ಅವರು ದಿನವೂ ಇಲವಾಲದಿಂದ ಬಸ್ಸಿನಲ್ಲಿ ಬರುತ್ತಾರೆ. ವಯಸ್ಸು ಮೂವತ್ತಾರು. ಗಂಡ ತೀರಿಕೊಂಡ ಮೇಲೆ ಅವರಣ್ಣ ಮೈಸೂರಿಗೆ ಕರೆತಂದು ಟೈಪಿಂಗ್ ಕಲಿಸಿದರಂತೆ. ಕಚೇರಿಗೆ ಬರುವ ಟಪಾಲು ಬಿಚ್ಚಿ, ನಂಬರು ಹಾಕಿ, ದೊಡ್ಡ ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು ಅವರ ಕೆಲಸ. ಹೊರಗೆ ಹೋಗುವ ಪತ್ರಗಳನ್ನು ಟೈಪು ಮಾಡುವುದೂ ಅವರದೇ. ಸಿಬ್ಬಂದಿಯ ರಜೆ, ನಡತೆ, ವರ್ಗಾವಣೆಯ ಕಡತಗಳನ್ನು ನೋಡಿಕೊಂಡು ಉತ್ತರಗಳ ಕರಡು ಬರೆಯುವುದು ನನ್ನದು. ನಾನು ಬಿ.ಎ. ಮುಗಿಸಿ ೧೯೬೩ರ ಜೂನ್ ತಿಂಗಳಲ್ಲಿ ಕೆಲಸಕ್ಕೆ ಸೇರಿದೆ.

ನನಗೆ ಮಾತು ಬರುವುದಿಲ್ಲ. ಮೂಗಿಯಲ್ಲ. ದಿನಕ್ಕೆ ಎರಡು ಪುಟ ಡೈರಿ ಬರೆಯುತ್ತೇನೆ. ಆದರೆ ಅದನ್ನೇ ಬಾಯಿಂದ ಹೇಳಬೇಕಾಗಿ ಬಂದರೆ 'ಸರಿ' ಎಂಬುದೊಂದೇ ಹೊರಗೆ ಬೀಳುತ್ತದೆ. ಕೆಲಸಕ್ಕೆ ಸೇರಿದ ದಿನದ ಪುಟದಲ್ಲಿ ಹೀಗಿದೆ: "ಇಂದು ಆಡಿದ ಮಾತು ಹನ್ನೊಂದು. ಅದರಲ್ಲಿ ಏಳು 'ಸರಿ'."

ದೇವಿರಮ್ಮನವರು ಮೂವರಿಗೆ ಆಗುವಷ್ಟು ಮಾತಾಡುತ್ತಾರೆ. ಹೀಗಾಗಿ ಕೋಣೆಯ ಸರಾಸರಿ ಚೆನ್ನಾಗಿಯೇ ಇತ್ತು. ಸಾಹೇಬರಾದ ವೃಷಭೇಂದ್ರಪ್ಪನವರು ಬಾಗಿಲಲ್ಲಿ ನಿಂತು, "ಭಾಗ್ಯಮ್ಮನವರೆ, ರಜಾ ಪಟ್ಟಿ ಆಯಿತೆ?" ಎಂದು ಕೇಳಿದರೆ, ನಾನು ಬಾಯಿ ತೆರೆಯುವಷ್ಟರಲ್ಲಿ ದೇವಿರಮ್ಮನವರು, "ಆಯ್ತು ಸಾ, ಬೆಳಿಗ್ಗೆ ನಿಮ್ ಟೇಬಲ್ ಮೇಲಿರ್ತದೆ" ಎನ್ನುತ್ತಿದ್ದರು. ಪಟ್ಟಿ ಆಗಿರುತ್ತಿರಲಿಲ್ಲ. ಸಂಜೆ ಇಬ್ಬರೂ ಕೂತು ಮುಗಿಸುತ್ತಿದ್ದೆವು. ಅದರಿಂದಾಗಿ ಅವರಿಗೆ ಐದೂವರೆಯ ಬಸ್ಸು ತಪ್ಪುತ್ತಿತ್ತು. ಆ ವಿಷಯ ಅವರು ಎತ್ತುತ್ತಿರಲಿಲ್ಲ. ಉಳಿದ ಎಲ್ಲ ವಿಷಯ ಎತ್ತುತ್ತಿದ್ದರು.

ಮೊದಲ ದಿನ ಮಧ್ಯಾಹ್ನ ನಾನು ಡಬ್ಬಿ ತೆಗೆದು ಗೋಡೆಗೆ ಮುಖ ಮಾಡಿ ಕೂತೆ. ಕಾಲೇಜಿನಲ್ಲಿಯೂ ಹಾಗೆಯೇ ಕೂರುತ್ತಿದ್ದೆ. ಅಲ್ಲಿ ಯಾರೂ ಯಾಕೆಂದು ಕೇಳಿರಲಿಲ್ಲ. ದೇವಿರಮ್ಮನವರು ಕೇಳಿದರು.

"ಗ್ವಾಡೆ ಏನ್ ಕೊಡ್ತದವ್ವ ನಿಂಗೆ? ಇತ್ಲಾಗ್ ತಿರುಕ್ಕೊ."

ಕುರ್ಚಿ ಎಳೆದುಕೊಂಡು ಬಂದು, ನನ್ನ ಡಬ್ಬಿಗೆ ಕೈ ಹಾಕಿ, ಹುರುಳಿಕಾಳಿನ ಪಲ್ಯ ತೆಗೆದುಕೊಂಡು ತಿಂದರು. ಉಪ್ಪು ಕಮ್ಮಿ ಎಂದರು. ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ನಮ್ಮ ಕೇರಿಯವರ ಡಬ್ಬಿಗೆ ಹೊರಗಿನವರು ಕೈ ಹಾಕುವುದನ್ನು ಎಂದೂ ಕಾಣದ ಅವ್ವ ಸೌಟು ಕೆಳಗಿಟ್ಟು, "ನಿನ್ ಡಬ್ಬಿಯಿಂದಲೇ ತಿಂದ್ರಾ?" ಎಂದು ಕೇಳಿದರು. ಹೌದೆಂದೆ. ಮಾರನೆಯ ದಿನದಿಂದ ಉಪ್ಪು ಸರಿಯಾಯಿತು, ಪಲ್ಯ ಎರಡರಷ್ಟಾಯಿತು.

ಈಗ ಕಡತದ ವಿಷಯ.

ಹೋದ ಕಾರ್ತಿಕದಲ್ಲಿ ಚಾಮರಾಜನಗರದಿಂದ ಕಾಳಯ್ಯನವರೆಂಬುವರು ಮಗನಿಗೆ ಹೆಣ್ಣು ನೋಡಲು ನಮ್ಮ ಮನೆಗೆ ಬಂದರು. ಕಾಳಯ್ಯನವರು ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಗನಲ್ಲಿ ಆಕ್ಷೇಪಿಸುವಂಥದ್ದೇನೂ ಇರಲಿಲ್ಲ. ಎರಡು ಕೋಡುಬಳೆ ತಿಂದರು, ನೆಲ ನೋಡಿದರು. ನಾನೂ ನೆಲ ನೋಡಿದೆ. ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಟ್ಟು ಚಾಮರಾಜನಗರದ ಮನೆಯಲ್ಲಿರಬೇಕು ಎಂದು ಕಾಳಯ್ಯನವರು ಹೇಳಿದರು. ಅಪ್ಪ ನನ್ನ ಕಡೆ ತಿರುಗಿ, "ಏನವ್ವ?" ಎಂದರು.

ನಾನು "ಸರಿ" ಎಂದೆ.

ಸರಿಯಿರಲಿಲ್ಲ. ನನಗೆ ಕೆಲಸ ಬಿಡುವ ಮನಸ್ಸು ಇರಲಿಲ್ಲ. ನೆಲ ನೋಡುವವರ ಜೊತೆ ನೆಲ ನೋಡಿಕೊಂಡು ಇರುವ ಮನಸ್ಸೂ ಇರಲಿಲ್ಲ. ಅಂದು ಡೈರಿಯಲ್ಲಿ ಈ ವಿಷಯವನ್ನು ಹದಿನಾಲ್ಕು ಪುಟ ಬರೆದೆ. ಬೆಳಿಗ್ಗೆ ಅಪ್ಪ ತಿಂಡಿ ತಿನ್ನುವಾಗ ಹೇಳೋಣವೆಂದು ಎದುರಿಗೆ ಕೂತೆ. "ಇನ್ನೊಂದು ದೋಸೆ ಹಾಕ್ಲಾ?" ಎಂದು ಕೇಳಿ ಎದ್ದೆ.

ಕಾಳಯ್ಯನವರು ಹೊರಡುವಾಗ ಅಪ್ಪನಿಗೆ, ಉಳಿದದ್ದೆಲ್ಲ ಒಪ್ಪಿಗೆ, ಒಂದು ವಿಚಾರಣೆ ಮಾತ್ರ ಬಾಕಿಯಿದೆ, ಅದು ಮುಗಿದರೆ ಲಗ್ನ ಗೊತ್ತುಮಾಡೋಣ ಎಂದು ಹೇಳಿದ್ದರು. ಎಲ್ಲಿ ವಿಚಾರಣೆ ಎಂದು ಹೇಳಿರಲಿಲ್ಲ. ಅದು ಹತ್ತು ದಿನದ ಮೇಲೆ ಟಪಾಲಿನಲ್ಲಿ ತಿಳಿಯಿತು.

ದೇವಿರಮ್ಮನವರು ಟಪಾಲು ನೋಡುವುದಕ್ಕೆ ಒಂದು ಕ್ರಮವಿದೆ. ಲಕೋಟೆಗಳನ್ನೆಲ್ಲ ಒಟ್ಟಿಗೆ ಕತ್ತರಿಸಿ, ಕಾಗದಗಳನ್ನು ಬಿಡಿಸಿ ಗುಡ್ಡೆ ಹಾಕಿ, ಎಲ್ಲದರ ಮೇಲೂ ದುಂಡು ಮೊಹರು ಒತ್ತಿ, ನಂಬರು ಹಾಕಿ, 'ವಿಷಯ' ಎಂದಿರುವ ಸಾಲನ್ನು ಮಾತ್ರ ನೋಡಿ ರಿಜಿಸ್ಟರಿಗೆ ಇಳಿಸುತ್ತಾರೆ. ಪೂರ್ತಿ ಓದುವುದು ನಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತುಮಾಡಿದ ಕೆಲಸವಲ್ಲ. ಖಾಸಗಿ ಕಾಗದಕ್ಕೆ 'ವಿಷಯ' ಸಾಲು ಇರುವುದಿಲ್ಲವಾದ್ದರಿಂದ ಅದು ತಾನಾಗಿ ಪಕ್ಕಕ್ಕೆ ಉಳಿಯುತ್ತದೆ. ಆದರೆ ಮೂವತ್ತು ವರ್ಷ ಗುಮಾಸ್ತರಾಗಿದ್ದ ಕಾಳಯ್ಯನವರಿಗೆ 'ವಿಷಯ' ಸಾಲು ಇಲ್ಲದೆ ಕಾಗದ ಬರೆಯಲು ಬರುತ್ತಿರಲಿಲ್ಲ.

"ಸಾವಿರದ ನೂರ ನಲವತ್ತೇಳು" ಎಂದು ದೇವಿರಮ್ಮನವರು ಎಂದಿನಂತೆ ಬಾಯಲ್ಲಿ ಹೇಳಿಕೊಂಡು ಬರೆದರು. "ಸಿಬ್ಬಂದಿ, ಕುಮಾರಿ ಎನ್. ಭಾಗ್ಯಮ್ಮ, ಬಿ.ಎ., ಇವರ ನಡತೆ ವಿಚಾರ..."

ಲೇಖನಿ ನಿಂತಿತು.

"ಅಯ್ಯೋ ಶಿವನೆ, ಇದು ನೀನಲ್ವೇನೇ?"

ಕಾಗದ ನನ್ನ ಕೈಗೆ ಕೊಟ್ಟರು. ಸಾಹೇಬರಿಗೆ ಬರೆದದ್ದು. ಅಕ್ಷರ ಮುತ್ತಿನಂತಿತ್ತು. "ಮಾನ್ಯರೆ, ಸದರಿ ಕುಮಾರಿಯವರನ್ನು ನನ್ನ ಮಗನಿಗೆ ತಂದುಕೊಳ್ಳುವ ಪ್ರಸ್ತಾಪವು ಪರಿಶೀಲನೆಯಲ್ಲಿದೆ. ಆದಕಾರಣ ಕೆಳಕಂಡ ಅಂಶಗಳ ಬಗ್ಗೆ ವರದಿ ದಯಪಾಲಿಸಬೇಕಾಗಿ ಅರಿಕೆ. ಒಂದು, ನಡತೆ ಹೇಗೆ? ಎರಡು, ಎದುರು ಮಾತಾಡುವ ಸ್ವಭಾವ ಉಂಟೆ? ಮೂರು, ಮದುವೆಯ ನಂತರ ಕೆಲಸ ಬಿಡಲು ಪೂರ್ಣ ಒಪ್ಪಿಗೆ ಇರುವುದೆ?"

"ಗಂಡು ಬಂದು ನೋಡ್ಕೊಂಡು ಹೋಗವ್ನೆ, ನನ್ ಹತ್ರ ಒಂದ್ಮಾತು ಹೇಳ್ಲಿಲ್ವಲ್ಲೇ ನೀನು" ಎಂದರು ದೇವಿರಮ್ಮನವರು. ಹೇಳಲು ಹತ್ತು ದಿನದಿಂದ ಪ್ರಯತ್ನಿಸುತ್ತಿದ್ದೆ. ಅದನ್ನೂ ಹೇಳಲಿಲ್ಲ.

"ಹರಿದಾಕ್ಬುಡ್ಲಾ?"

ಇಬ್ಬರೂ ರಿಜಿಸ್ಟರ್ ನೋಡಿದೆವು. ಹೆಸರು ಮಸಿಯಲ್ಲಿ ಬಿದ್ದುಹೋಗಿತ್ತು. ವೃಷಭೇಂದ್ರಪ್ಪನವರು ಎಲ್ಲವನ್ನೂ ಸಹಿಸುತ್ತಾರೆ, ರಿಜಿಸ್ಟರಿನಲ್ಲಿ ಗೀಚಿದ್ದನ್ನು ಸಹಿಸುವುದಿಲ್ಲ. ಹೋದ ವರ್ಷ ಒಂದು ತೊಟ್ಟು ಮಸಿ ಬಿದ್ದದ್ದಕ್ಕೆ ಮಸಿಯಿಂದಲೇ ಎರಡು ಪುಟ ಸಮಜಾಯಿಷಿ ಬರೆಸಿಕೊಂಡಿದ್ದರು. ನಮ್ಮಲ್ಲಿ ನಂಬರು ಬಿದ್ದ ಕಾಗದಕ್ಕೆ ಉತ್ತರ ಹೋಗಲೇಬೇಕು. ಅದು ಸಾಯುವಂತಿಲ್ಲ.

"ನಂದೇ ತಪ್ಪು ಕಣವ್ವ" ಎಂದರು ದೇವಿರಮ್ಮನವರು. "ವಿಷಯ ಅಂತ ಕಂಡ್ರೆ ಸಾಕು, ಕೈ ತಾನೇ ಗುದ್ದುಬುಡ್ತದೆ."

ಸಾಹೇಬರು ಕಾಗದವನ್ನು ಮೂರು ಸಲ ಓದಿದರಂತೆ. ಆಮೇಲೆ ಅಂಚಿನಲ್ಲಿ ಷರಾ ಬರೆದರು: "ಇದು ಖಾಸಗಿ ಸ್ವರೂಪದ್ದು. ಆದರೆ ನಂಬರು ಬಿದ್ದಿದೆ. ಸಂಬಂಧಪಟ್ಟ ಗುಮಾಸ್ತರು ಉತ್ತರದ ಕರಡು ಮಂಡಿಸಲಿ." ಸಿಬ್ಬಂದಿಯ ನಡತೆಗೆ ಸಂಬಂಧಪಟ್ಟ ಗುಮಾಸ್ತೆ ನಾನೇ. ಜವಾನ ಗೋವಿಂದರಾಜು ಕಡತವನ್ನು ತಂದು ನನ್ನ ಮೇಜಿನ ಮೇಲಿಟ್ಟು, "ನಿಮ್ದೇ ಅಂತೆ ಅಕ್ಕಾರೆ, ನಿಮಗೇ ಅಂತೆ" ಎಂದು ಹೇಳಿ ಹೋದ.

ದೇವಿರಮ್ಮನವರು ಎದುರಿಗೆ ಕೂತರು.

"ಈಗ ನಿಜ ಹೇಳು. ಈ ಗಂಡು ನಿಂಗೆ ಇಷ್ಟ ಅದಾ?"

ನಾನು ಮರ ನೋಡಿದೆ.

"ಮರ ಏನಂತದೆ?"

ಮರವೂ ಏನೂ ಅನ್ನಲಿಲ್ಲ.

"ಸರಿ ಬುಡು. ಊಂ ಅನ್ನಕ್ಕೂ ಬಾಯಿಲ್ಲ, ಊಹೂಂ ಅನ್ನಕ್ಕೂ ಬಾಯಿಲ್ಲ. ಬಾಯಿ ಬರೋವರ್ಗೂ ತಳದಲ್ಲಿರ್ಲಿ" ಎಂದು ಕಡತವನ್ನೆತ್ತಿ ನನ್ನ ಗುಡ್ಡೆಯ ಅಡಿಗೆ ಸೇರಿಸಿದರು.

ಅದು ಅಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಇತ್ತು. ಉತ್ತರ ಹೋಗುವವರೆಗೆ ಲಗ್ನ ಗೊತ್ತಾಗುವಂತಿರಲಿಲ್ಲ. ಕಾಳಯ್ಯನವರಿಂದ ಮೊದಲ ಜ್ಞಾಪಕ ಪತ್ರ ಬಂತು, ಅದಕ್ಕೂ ನಂಬರು ಬಿತ್ತು. ಎರಡನೆಯದು ಬಂತು, ಅದಕ್ಕೂ ಬಿತ್ತು. ಅವೆರಡು ದಿನ ದೇವಿರಮ್ಮನವರು ಮೊಹರನ್ನು ಸದ್ದಾಗದಂತೆ ಒತ್ತಿದರು. ಬೇರೆಯವರಿಗಾದರೆ ಇಷ್ಟು ತಡಕ್ಕೆ ಸಿಟ್ಟು ಬರುತ್ತಿತ್ತು. ಕಾಳಯ್ಯನವರು ಅಪ್ಪನಿಗೆ ಹೀಗೆ ಬರೆದರು: "ತಮ್ಮ ಮಗಳ ಕಚೇರಿ ಬಹಳ ಕ್ರಮಬದ್ಧವಾಗಿರುವಂತೆ ಕಾಣುತ್ತದೆ. ಇನ್ನೂ ಉತ್ತರವಿಲ್ಲ. ವಿಚಾರಣೆ ಆಳವಾಗಿ ನಡೆಯುತ್ತಿರಬೇಕು." ಅಪ್ಪ ಅದನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದರು.

ದೇವಿರಮ್ಮನವರು ದಿನಕ್ಕೊಂದು ಸಲ, ಬಸ್ಸಿಗೆ ಹೊರಡುವಾಗ, ಬ್ಯಾಗು ಹೆಗಲಿಗೆ ಹಾಕಿಕೊಂಡು ಕೇಳುತ್ತಿದ್ದರು. "ಬಾಯಿ ಬಂತಾ?" ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. "ಬರ್ತದೆ ಬುಡು. ಬಸ್ಸೇ ಬರ್ತದೆ" ಎಂದು ಹೋಗುತ್ತಿದ್ದರು.

ಜನವರಿ ಮುಗಿದ ಮೇಲೆ ಸಾಹೇಬರು ಪ್ರತಿಯೊಬ್ಬರ ಬಾಕಿ ಕಾಗದಗಳ ಪಟ್ಟಿ ತರಿಸಿ ನೋಡಿದರು. ನನ್ನ ಪಟ್ಟಿಯಲ್ಲಿ ಮೂರು ಕಾಗದ ಬಾಕಿಯಿದ್ದವು. ಮೂರೂ ಕಾಳಯ್ಯನವರವು. ಸಾಹೇಬರು ಬಾಗಿಲಲ್ಲಿ ನಿಂತು, "ಶುಕ್ರವಾರ ಸಂಜೆಯೊಳಗೆ ಕರಡು ಬರಬೇಕು, ಭಾಗ್ಯಮ್ಮನವರೆ. ಇಲ್ಲದಿದ್ದರೆ ನಾನೇ 'ಎಲ್ಲ ಸಮರ್ಪಕವಾಗಿದೆ' ಎಂದು ಬರೆದು ಕಳಿಸಿಬಿಡುತ್ತೇನೆ" ಎಂದರು. ದೇವಿರಮ್ಮನವರು, "ಬರ್ತದೆ ಸಾ" ಎಂದರು.

ಅದು ಗುರುವಾರ, ಫೆಬ್ರವರಿ ಹನ್ನೊಂದು.

ಸಾಹೇಬರು ಹೋದ ಮೇಲೆ ದೇವಿರಮ್ಮನವರು ತಳದಿಂದ ಕಡತ ಎಳೆದರು. "ಏನ್ ಬರೆಯವಾ? ಮೂರ್ಛೆ ಬರ್ತದೆ ಅನ್ನವಾ?"

ಬೇಡವೆಂದು ತಲೆಯಾಡಿಸಿದೆ.

"ದೊಡ್ಡ ಬಾಯ್ಬಡ್ಕಿ, ಕಚೇರಿಯೆಲ್ಲ ಎಗರಾಡ್ತಾಳೆ ಅನ್ನವಾ?"

ನನಗೆ ನಗು ಬಂತು. ಅವರಿಗೂ ಬಂತು. ಆಮೇಲೆ ನಗು ನಿಲ್ಲಿಸಿ ಹೇಳಿದರು, "ನೋಡು ಭಾಗ್ಯ. ಸಾಹೇಬ್ರು ಏನಾರ ಕೇಳಿದ್ರೆ ನಿನ್ ಬದ್ಲು ನಾನೇ ಹೇಳ್ತೀನಿ. ಸಾಯೋಗಂಟ ಹೇಳ್ತೀನಿ, ನಂಗೇನ್ ಖರ್ಚು? ಆದ್ರೆ ಇದ್ನ ನಾ ಹೇಳಿದ್ರೆ, ನಾಳೆ ನಿಮ್ಮಪ್ಪ, ಯಾವಳೋ ಟೈಪಿಸ್ಟು ನನ್ ಮಗಳ ತಲೆ ಕೆಡಿಸ್ಬುಟ್ಲು ಅಂತಾರೆ. ಇದು ನೀನೇ ಆಡ್ಬೇಕಾದ್ ಮಾತು."

"ಬರೆದುಕೊಡ್ತೀನಿ ಅಕ್ಕ."

"ಬರ್ದಿದ್ದೀಯಲ್ಲ ಡೈರೀಲಿ. ಎಷ್ಟು ಪುಟ?"

"ಹದಿನಾಲ್ಕು."

"ಏನಾಯ್ತು ಅದ್ರಿಂದ?"

ಏನೂ ಆಗಿರಲಿಲ್ಲ.

ಅವರು ಎದ್ದು ಬಾಗಿಲು ಹಾಕಿದರು. ಟೈಪ್‌ರೈಟರಿಗೆ ಕಾಗದ ಸೇರಿಸಿದರು, ನಡುವೆ ಎರಡು ಕಾರ್ಬನ್ ಇಟ್ಟರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರು. "ಸಿಬ್ಬಂದಿ ಮೇಲೆ ವಿಚಾರಣೆ ಬಂದ್ರೆ ಮೊದ್ಲು ಅವರ ಬಾಯಿ ಹೇಳಿಕೆ ತಗೋಬೇಕು. ನೀನೇ ಎಲ್ಲ ಕಡತದಲ್ಲೂ ಬರೀತೀಯಲ್ಲ? ನಿಲ್ಲು. ಹೇಳಿಕೆ ಕೊಡೋರು ನಿಂತ್ಕೋಬೇಕು. ಹೆಸರು?"

"ನಿಮಗೆ ಗೊತ್ತಲ್ಲ ಅಕ್ಕ."

"ಮೆಷೀನಿಗೆ ಗೊತ್ತಿಲ್ಲ. ಹೆಸರು?"

"ಎನ್. ಭಾಗ್ಯಮ್ಮ."

ಟಕಟಕ ಬಿದ್ದವು.

"ತಂದೆ?"

"ನಿಂಗಯ್ಯ. ರೈಲ್ವೆ ವರ್ಕ್‌ಷಾಪು."

"ಅಂಶ ಮೂರು. ಕೆಲಸ ಬಿಡಲು ಒಪ್ಪಿಗೆ ಇದೆಯೋ ಹೇಗೆ?"

ನಾನು ಸುಮ್ಮನಾದೆ. ದೇವಿರಮ್ಮನವರೂ ಸುಮ್ಮನಾದರು. ಕೈ ಎರಡೂ ಕೀಲಿಗಳ ಮೇಲೇ ಇದ್ದವು. ಅವರು ಸುಮ್ಮನಿದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವರು ನೆರವಿಗೆ ಬರುತ್ತಾರೆಂದು ಕಾದೆ. ಬರಲಿಲ್ಲ. ರಸ್ತೆಯಲ್ಲಿ ಒಂದು ಟಾಂಗಾ ಬಂದು ಹೋಯಿತು. ಅದು ಹೋಗಿ ಬಹಳ ಹೊತ್ತಾಯಿತು. ಅವರು ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದುಕೊಂಡಿದ್ದರು. ಮಾತಾಡದೆ ಇರುವುದು ಅವರಿಗೆ ಅಷ್ಟು ಕಷ್ಟವಿತ್ತು.

"ಇಲ್ಲ" ಎಂದೆ.

"ಏನಂದೆ? ಕೇಳ್ಸಲಿಲ್ಲ."

"ಇಲ್ಲ ಅಕ್ಕ."

"ಹೇಳಿಕೇಲಿ ಅಕ್ಕ ಬರಕ್ಕಿಲ್ಲ. ಸರಿಯಾಗಿ ಹೇಳು."

"ಇಲ್ಲ! ನಾನು ಕೆಲಸ ಬಿಡಲ್ಲ. ನಾನು ಚಾಮರಾಜನಗರಕ್ಕೆ ಹೋಗಲ್ಲ. ಈ ಮದುವೆ ನನಗೆ ಬೇಡ."

ಬಾಗಿಲು ತೆರೆದು ಗೋವಿಂದರಾಜು ತಲೆ ಹಾಕಿದ. "ಏನಾಯ್ತು ಅಕ್ಕಾರೆ?"

"ಏನಿಲ್ಲ ಹೋಗಪ್ಪ. ಡಿಕ್ಟೇಷನ್ನು" ಎಂದರು ದೇವಿರಮ್ಮನವರು, ತಲೆಯೆತ್ತದೆ. ಅಷ್ಟನ್ನೂ ಒಂದು ಅಕ್ಷರ ಬಿಡದೆ ಹೊಡೆದು, ಕಾಗದ ಎಳೆದು, "ರುಜು ಹಾಕು" ಎಂದರು. ಹಾಕಿದೆ. ಆ ಮೇಲೆ ನನ್ನನ್ನು ಕೂರಿಸಿ, ತಮ್ಮ ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟರು. ಅವರ ಲೋಟದಲ್ಲೇ ಕುಡಿದೆ.

ಕರಡು ಬರೆಯುವುದು ಕಷ್ಟವಾಗಲಿಲ್ಲ. ಬರೆಯುವುದು ನನಗೆ ಎಂದೂ ಕಷ್ಟವಲ್ಲ. "ಒಂದು, ಸದರಿ ಸಿಬ್ಬಂದಿಯ ನಡತೆ ತೃಪ್ತಿಕರವಾಗಿದೆ. ಎರಡು, ಎದುರು ಮಾತಾಡುವ ಸ್ವಭಾವವು ಈ ತಿಂಗಳ ಹನ್ನೊಂದನೆಯ ತಾರೀಖಿನವರೆಗೆ ಕಂಡುಬಂದಿರಲಿಲ್ಲ. ಮೂರು, ಕೆಲಸ ಬಿಡಲು ಒಪ್ಪಿಗೆ ಇಲ್ಲ. ಪ್ರಸ್ತಾಪಿತ ಮದುವೆಯೂ ಬೇಡವೆಂದು ಬಾಯಿ ಹೇಳಿಕೆಯಲ್ಲಿ ತಿಳಿಸಿರುತ್ತಾರೆ." ಕೆಳಗೆ ಒಂದು ಸಾಲು ಸೇರಿಸಿದೆ: "ಪ್ರತಿ: ಶ್ರೀ ನಿಂಗಯ್ಯನವರಿಗೆ, ಮಾಹಿತಿಗಾಗಿ."

ಶುಕ್ರವಾರ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಓದಿ, 'ಬೇಡವೆಂದು' ಎಂಬುದನ್ನು ಹೊಡೆದು 'ಸಮ್ಮತವಿಲ್ಲವೆಂದು' ಎಂದು ತಿದ್ದಿದರು. ಆಮೇಲೆ ಕನ್ನಡಕದ ಮೇಲಿಂದ ನೋಡಿದರು. "ತಂದೆಯವರಿಗೂ ಪ್ರತಿ ಹೋಗಬೇಕೆ?"

ದೇವಿರಮ್ಮನವರು ಬಾಯಿ ತೆರೆದರು. ಮುಚ್ಚಿಕೊಂಡರು.

"ಹೋಗಬೇಕು ಸಾರ್" ಎಂದೆ.

ಸಾಹೇಬರು ರುಜು ಹಾಕಿದರು. ನನ್ನ ಧ್ವನಿಯನ್ನು ಅವರು ಕೇಳಿದ್ದು ಅದೇ ಮೊದಲಿರಬೇಕು. ಇನ್ನೊಮ್ಮೆ ನೋಡಿ, "ಸರಿ" ಎಂದರು.

ಶನಿವಾರ ವರ್ಕ್‌ಷಾಪಿನಲ್ಲಿ ಅಪ್ಪನಿಗೆ ಆ ಪ್ರತಿ ಸಿಕ್ಕಿತು. ಸಂಜೆ ಮನೆಗೆ ಬಂದು ಕೈಕಾಲು ತೊಳೆದುಕೊಂಡು, ಜೇಬಿನಿಂದ ಅದನ್ನು ತೆಗೆದು, ಕನ್ನಡಕ ಹಾಕಿಕೊಂಡು ಓದಿದರು. ಹಿಂದುಮುಂದಾಗಿ ತಿರುಗಿಸಿ ಮೊಹರು ನೋಡಿದರು. ಅವ್ವ ಬಾಗಿಲ ಹತ್ತಿರ ನಿಂತಿದ್ದರು.

"ಇದು ನೀನು ಹೇಳಿದ್ದಾ?"

"ಹೂಂ."

"ಬಾಯಲ್ಲಿ?"

"ಬಾಯಲ್ಲೇ."

"ಯಾರತ್ರ?"

"ದೇವಿರಮ್ಮನವರ ಹತ್ರ."

"ಅದೇ, ಪಲ್ಯದವ್ರಾ?"

"ಹೂಂ."

ಅಪ್ಪ ಕಾಗದವನ್ನು ಮಡಿಸಿದರು. "ನಂಗೂ ಒಂದ್ಸಲ ಹೇಳು" ಎಂದರು.

ಹೇಳಿದೆ. ಆದರೆ ವರ್ಕ್‌ಷಾಪಿನ ಸುತ್ತಿಗೆ ಸದ್ದಿನಲ್ಲಿ ಅಪ್ಪನಿಗೆ ಕಿವಿ ಮಂದವಾಗಿದೆ. ಅವರು ಕೈಯನ್ನು ಕಿವಿಗೆ ಹಿಡಿದು ಮುಂದಕ್ಕೆ ಬಾಗಿದರು. ಇನ್ನೊಂದು ಸಲ ಹೇಳಿದೆ. ಮೂರನೆಯ ಸಲ ಹೇಳಿದಾಗ ಪಕ್ಕದ ಮನೆಯ ಚೆಲುವಮ್ಮ ಜರಡಿ ಕೈಯಲ್ಲಿ ಹಿಡಿದುಕೊಂಡೇ ಬಂದು, ಏನಾಯಿತೆಂದು ಕೇಳಿದರು.

"ಏನಿಲ್ಲ ಕಣಮ್ಮ. ನನ್ ಮಗಳು ಮಾತಾಡ್ತಾವ್ಳೆ" ಎಂದರು ಅಪ್ಪ.

ಚೆಲುವಮ್ಮ ನನ್ನನ್ನು ನೋಡಿದರು. ಹೋಗಲಿಲ್ಲ.

ಆಮೇಲೆ ಅಪ್ಪ ಊಟಕ್ಕೆ ಕೂತು, ಮುದ್ದೆ ಮುರಿಯುತ್ತ, "ಅವತ್ತೇ ಹೇಳಿದ್ರೆ ಆ ಮನುಷ್ಯನಿಗೆ ಮೂರು ಕವರು ಉಳೀತಿತ್ತು" ಎಂದರು. ಅಷ್ಟೇ. ಊಟ ಮುಗಿಸಿ ಕಾಳಯ್ಯನವರಿಗೆ ತಾವೇ ಒಂದು ಕಾರ್ಡು ಬರೆದರು. ಅದಕ್ಕೆ 'ವಿಷಯ' ಎಂದು ಹಾಕಬೇಕೋ ಬೇಡವೋ ಎಂದು ನನ್ನನ್ನು ಕೇಳಿದರು. ಹಾಕಿದರೆ ಒಳ್ಳೆಯದು ಎಂದೆ.

ಸೋಮವಾರ ದೇವಿರಮ್ಮನವರು ಬ್ಯಾಗನ್ನು ಮೊಳೆಗೆ ನೇತುಹಾಕುವ ಮೊದಲೇ ಎಲ್ಲವನ್ನೂ ಹೇಳಿದೆ. ಅಪ್ಪ ಕಿವಿಗೆ ಕೈ ಹಿಡಿದದ್ದು, ಚೆಲುವಮ್ಮನ ಜರಡಿ, ಮೂರು ಕವರಿನ ಮಾತು. ಅವರು ಬ್ಯಾಗು ಹಿಡಿದುಕೊಂಡೇ ನಿಂತು ಕೇಳಿದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು, ಕಿಟಕಿಯಾಚೆ, ತಾವೇ ನೋಡಿ ಸಾಕಾಗಿದೆ ಎಂದಿದ್ದ ಮರವನ್ನೇ ನೋಡುತ್ತ ಸುಮಾರು ಒಂದು ನಿಮಿಷ ಮಾತಿಲ್ಲದೆ ನಿಂತರು. ಸೆರಗಿನಿಂದ ಮೂಗು ಒರೆಸಿಕೊಂಡರು.

ಕೋಣೆ ಅಷ್ಟು ನಿಶ್ಶಬ್ದವಾಗಿದ್ದದ್ದು ನನಗೆ ಸಹಿಸಲಾಗಲಿಲ್ಲ. ಆದ್ದರಿಂದ ನಾನೇ ಮಾತಾಡಿದೆ.

"ಭಾನುವಾರ ನಮ್ಮನೆಗೆ ಊಟಕ್ಕೆ ಬನ್ನಿ ಅಕ್ಕ. ಅವ್ವ ಹೇಳ್ಕಳ್ಸಿದ್ದಾರೆ. ನಾನೂ ಕರೀತಾ ಇದ್ದೀನಿ. ಅವ್ವ ಉಪ್ಸಾರು ಮಾಡ್ತಾರೆ, ಬಸ್ ಸ್ಟಾಂಡಿಗೆ ನಾನೇ ಬರ್ತೀನಿ, ಅಲ್ಲಿಂದ ನಮ್ಮ ಅಶೋಕಪುರಕ್ಕೆ ನಡ್ಕೊಂಡೇ ಹೋಗ್ಬಹುದು, ದೂರ ಏನಿಲ್ಲ, ದಾರೀಲಿ..."

"ತಡ್ಕಳೇ, ಉಸಿರು ಬುಡು" ಎಂದರು ದೇವಿರಮ್ಮನವರು. "ಮುದ್ದೆ ಎಷ್ಟೊತ್ತಿಗೆ ಇಕ್ತಾರೆ, ಅದ್ನೇಳು ಮೊದ್ಲು. ಭಾನುವಾರ ನಮ್ಮೂರಿಂದ ಮೊದಲ್ನೇ ಬಸ್ಸು ಹೊರಡೋದೇ ಹನ್ನೊಂದಕ್ಕೆ. ತಣ್ಣಗಾದ್ ಮುದ್ದೆ ನಾನ್ ಉಣ್ಣಕ್ಕಿಲ್ಲ."